ಮನೆಯ ಸಂದೂಕಿನಲ್ಲಿ ಊರ ಇತಿಹಾಸ

ಔರಾದ, ಭಾಲ್ಕಿಗಳ ಕಡೆ ಹಳೆಯ ಮನೆಗಳಲ್ಲಿ ಒಂದು ಸಂದೂಕು ಇರುತ್ತದೆ. ತಗಡಿನದೋ ತೇಗಿನದೋ, ಅದರ ಕೀಲಿ ಮಾತ್ರ ತುಕ್ಕು ಹಿಡಿದಿರುತ್ತದೆ. ಕೀಲಿಕೈ ಯಾವ ಸೊಸೆಯ ಕಾಲದಲ್ಲಿ ಕಳೆದುಹೋಯಿತೆಂಬುದು ಯಾರಿಗೂ ನೆನಪಿರುವುದಿಲ್ಲ. ಮೇಲೆ ಮದುವೆಯ ಶಾಲು, ಅದರ ಕೆಳಗೆ ಹರಿದ ಪಂಚಾಂಗಗಳು, ಎಲ್ಲಕ್ಕೂ ತಳದಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದದ ಗಂಟು. ಮನೆಯವರು ಅದನ್ನು ‘ಅಜ್ಜನ ದಫ್ತರ’ ಎನ್ನುತ್ತಾರೆ. ವರ್ಷಕ್ಕೊಮ್ಮೆ ಹಬ್ಬದ ದಿನ ಧೂಳು ಝಾಡಿಸಿ, ಅರಿಶಿನ ಕುಂಕುಮ ಹಚ್ಚಿ, ಮತ್ತೆ ಇದ್ದಲ್ಲಿಯೇ ಇಟ್ಟುಬಿಡುತ್ತಾರೆ. ದಫ್ತರಕ್ಕೆ ಪೂಜೆ ಸಲ್ಲುತ್ತದೆ. ಓದು ಮಾತ್ರ ಸಲ್ಲುವುದಿಲ್ಲ. ಅದನ್ನು ಓದಬಲ್ಲವರು ಆ ಮನೆಯಲ್ಲಿ ಯಾರೂ ಉಳಿದಿಲ್ಲ.

ಇದನ್ನು ಮೊಮ್ಮಗನ ಅಲಕ್ಷ್ಯವೆಂದು ತಳ್ಳಿಬಿಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ಮೈಸೂರು ಸೀಮೆಯ ಮೊಮ್ಮಗನು ತನ್ನ ಅಜ್ಜನ ಪತ್ರವನ್ನು ತಡವರಿಸಿಯಾದರೂ ಓದಿಯಾನು. ಲಿಪಿ ಒಂದೇ, ಭಾಷೆ ಒಂದೇ. ಬೀದರದ ಮೊಮ್ಮಗನಿಗೆ ಆ ಭಾಗ್ಯವಿಲ್ಲ. ಹೈದರಾಬಾದು ಸಂಸ್ಥಾನದ ಆಡಳಿತ ಭಾಷೆ ಮೊದಲು ಫಾರಸಿ ಇದ್ದಿತು. ೧೮೮೪ರ ಸುಮಾರಿಗೆ ಅದರ ಸ್ಥಾನಕ್ಕೆ ಉರ್ದು ಬಂದಿತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉಚ್ಚ ಶಿಕ್ಷಣವೂ ಉರ್ದುವಿನಲ್ಲಿಯೇ ನಡೆಯಿತು. ಹಳ್ಳಿಯ ಲೆಕ್ಕಪತ್ರಗಳಲ್ಲಿ, ಮುಖ್ಯವಾಗಿ ಮರಾಠಿ ಬಳಕೆಯ ಕಡೆ, ಮೋಡಿ ಲಿಪಿ ಓಡುತ್ತಿದ್ದಿತು. ೧೯೫೬ರ ನವೆಂಬರ್ ೧ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಗೆ ಕನ್ನಡ ಬಂದಿತು. ಹೀಗಾಗಿ ಒಂದೇ ಮನೆಯಲ್ಲಿ ಮುತ್ತಜ್ಜನ ಸನದು ಫಾರಸಿಯದು, ಅಜ್ಜನ ಖರೀದಿ ಪತ್ರ ಉರ್ದುವಿನದು, ಹೊಲದ ಲೆಕ್ಕ ಮೋಡಿಯದು, ತಂದೆಯ ಪಹಣಿ ಕನ್ನಡದ್ದು. ಮೊಮ್ಮಗನು ಓದುವುದೋ ಇಂಗ್ಲಿಷು. ಎಪ್ಪತ್ತೆಂಬತ್ತು ವರ್ಷಗಳ ಅವಧಿಯಲ್ಲಿ ಇಷ್ಟು ಸಲ ಲಿಪಿ ಬದಲಾದ ಸೀಮೆಯಲ್ಲಿ, ತಲೆಮಾರು ತಲೆಮಾರುಗಳ ನಡುವೆ ಮಾತುಕತೆ ಕಡಿದುಹೋದರೆ ಆಶ್ಚರ್ಯವೇನು?

ಅಕ್ಷರ ತಿಳಿದರೂ ತೊಡಕು ತೀರುವುದಿಲ್ಲ. ಪತ್ರದ ತಲೆಯ ಮೇಲೆ ‘ಖುರ್ದಾದ, ಫಸಲಿ ೧೩೪೬’ ಎಂದು ಬರೆದಿದ್ದರೆ ಇಂದಿನ ಓದುಗನು ಏನು ತಿಳಿಯಬೇಕು? ನಮ್ಮ ಕಡೆಯ ಫಸಲಿ ವರ್ಷಕ್ಕೆ ೫೯೦ ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ವರ್ಷ ಆರಂಭವಾಗುವುದು ಅಕ್ಟೋಬರದಲ್ಲಿ, ಅಜೂರ ಎಂಬ ತಿಂಗಳಿನಿಂದ. ಆದುದರಿಂದ ಫಸಲಿ ೧೩೪೬ ಎಂದರೆ ೧೯೩೬ರ ಅಕ್ಟೋಬರದಿಂದ ೧೯೩೭ರ ಅಕ್ಟೋಬರದವರೆಗೆ. ಖುರ್ದಾದ ಎಂದರೆ ಹೆಚ್ಚು ಕಡಿಮೆ ೧೯೩೭ರ ಏಪ್ರಿಲ್. ಹಾಗೆಯೇ ‘ನೂರು ರೂಪಾಯಿ’ ಎಂದಿದ್ದರೆ ಯಾವ ರೂಪಾಯಿ ಎಂದು ಕೇಳಬೇಕು. ಸಂಸ್ಥಾನದ ನಾಣ್ಯ ಹಾಲಿ ಸಿಕ್ಕಾ, ಇಂಗ್ಲಿಷರದು ಕಲದಾರು. ಏಳು ಹಾಲಿ ರೂಪಾಯಿಗೆ ಆರು ಕಲದಾರು ಎಂಬುದು ಲೆಕ್ಕ. ಇವೆಲ್ಲ ಅಜ್ಜಂದಿರಿಗೆ ಬಾಯಿಪಾಠವಾಗಿದ್ದ ಸಂಗತಿಗಳು. ಇಂದು ಇವನ್ನೂ ಬರೆದು ತಿಳಿಸಬೇಕಾಗಿ ಬಂದಿದೆ.

ಇಂಥ ಕಾಗದಗಳು ಬೆಲೆ ಕಳೆದುಕೊಂಡುದು ಹೇಗೆಂಬುದನ್ನೂ ನೆನೆಯಬೇಕು. ೧೯೪೯ರ ಆಗಸ್ಟ್‌ನಲ್ಲಿ ಜಾಗೀರುಗಳು ರದ್ದಾದುವು. ೧೯೫೫ರ ಕಾಯಿದೆಯಿಂದ ಇನಾಮುಗಳಿಗೂ ಅದೇ ಗತಿ ಬಂದಿತು. ಗ್ರಾಮಾಧಿಕಾರವನ್ನು ರದ್ದುಗೊಳಿಸಿದ ೧೯೬೧ರ ಕಾಯಿದೆ ೧೯೬೩ರಲ್ಲಿ ಜಾರಿಗೆ ಬಂದು, ವಂಶಪರಂಪರೆಯ ಪಟೇಲಿಕೆ, ಕುಲಕರ್ಣಿಕೆಗಳು ಮುಗಿದುವು. ಆಗಬೇಕಾದ ಕೆಲಸ ಆಯಿತು. ಅದಕ್ಕಾಗಿ ಅಳುವ ಕಾರಣವಿಲ್ಲ. ಆದರೆ ಹಕ್ಕು ಹೋದ ದಿನವೇ ಹಕ್ಕಿನ ಕಾಗದವೂ ರದ್ದಿಯಾಯಿತು. ಕೋರ್ಟಿನಲ್ಲಿ ನಡೆಯದ ಪತ್ರವನ್ನು ಮನೆಯಲ್ಲಿ ಯಾರು ಜತನ ಮಾಡುತ್ತಾರೆ? ಗೆದ್ದಲಿಗೆ ಕೊಟ್ಟಷ್ಟೇ ಧಾರಾಳವಾಗಿ ರದ್ದಿಯವನಿಗೂ ಕೊಟ್ಟೆವು. ಮುಂದೆ ಸಂವಿಧಾನಕ್ಕೆ ೩೭೧ (ಜೆ) ವಿಧಿ ಸೇರಿ, ೨೦೧೩ರಿಂದ ಈ ಪ್ರದೇಶದಲ್ಲಿ ಹುಟ್ಟಿದವರಿಗೆ, ನೆಲೆಸಿದವರಿಗೆ ಶಿಕ್ಷಣ ಉದ್ಯೋಗಗಳಲ್ಲಿ ಮೀಸಲಾತಿ ದೊರೆಯುವಂತಾದಾಗ, ಮನೆಮನೆಗಳಲ್ಲಿ ಹಳೆಯ ಕಾಗದದ ಹುಡುಕಾಟ ನಡೆಯಿತು. ಆಗಲೂ ಬೇಕಾದ ಒಂದು ಹಾಳೆ ಸಿಕ್ಕೊಡನೆ ಗಂಟು ಮತ್ತೆ ಸಂದೂಕಿನ ತಳ ಸೇರಿತು.

ಮನೆಯಲ್ಲಿ ಇಲ್ಲದಿದ್ದರೆ ಸರಕಾರದಲ್ಲಿ ಇದ್ದೀತು ಎನ್ನುವವರುಂಟು. ಇದ್ದೀತು, ಎಲ್ಲಿ ಎಂಬುದೇ ಪ್ರಶ್ನೆ. ಹಳೆಯ ಬೀದರ ಜಿಲ್ಲೆ ಇಂದಿನ ಬೀದರ ಜಿಲ್ಲೆಯಲ್ಲ. ೧೯೫೬ರಲ್ಲಿ ಉದಗೀರ, ಅಹಮದಪುರ, ನಿಲಂಗಾ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದುವು. ನಾರಾಯಣಖೇಡವೂ ಜಹೀರಾಬಾದಿನ ಹೆಚ್ಚು ಭಾಗವೂ ಆಂಧ್ರಕ್ಕೆ ಹೋದುವು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ನಮ್ಮ ಪಾಲಿಗೆ ಬಂದುವು. ಔರಾದದಿಂದ ಉದಗೀರಕ್ಕೆ ಕೊಟ್ಟ ಮಗಳು ಒಂದು ಬೆಳಗ್ಗೆ ಎದ್ದಾಗ ಬೇರೆ ರಾಜ್ಯದ ಸೊಸೆಯಾಗಿದ್ದಳು. ನಿಜಾಮರ ಸರಕಾರದ ದೊಡ್ಡ ದಫ್ತರಗಳೋ ಹೈದರಾಬಾದಿನ ತಾರನಾಕದಲ್ಲಿರುವ ಪತ್ರಾಗಾರದಲ್ಲಿ, ಫಾರಸಿ ಉರ್ದುಗಳಲ್ಲಿ ಉಳಿದಿವೆ. ಎಂದರೆ ಬೀದರದ ಇತಿಹಾಸದ ಮುಖ್ಯ ಕಾಗದಗಳು ಇಂದು ಬೇರೊಂದು ರಾಜ್ಯದಲ್ಲಿ, ನಮ್ಮ ಮಕ್ಕಳು ಓದಲಾರದ ಲಿಪಿಯಲ್ಲಿ ಇವೆ.

ಇಷ್ಟು ಹೇಳಿದೊಡನೆ ಕಾಗದವೊಂದು ಉಳಿದರೆ ಇತಿಹಾಸ ಉಳಿಯಿತೆಂದು ವಾಚಕರು ಭಾವಿಸಬಾರದು. ಕಾಗದಕ್ಕೂ ಸುಳ್ಳು ಹೇಳಲು ಬರುತ್ತದೆ. ಇದನ್ನು ಬೀದರಕ್ಕೆ ಹೊರಗಿನವರು ಕಲಿಸಬೇಕಾಗಿಲ್ಲ. ೧೪೭೨ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಮಂತ್ರಿ ಮಹಮೂದ ಗಾವಾನನು ಸತ್ತುದು ಒಂದು ಕಾಗದದಿಂದ. ಅವನ ಮೊಹರನ್ನೊತ್ತಿದ ಕೃತಕ ಪತ್ರವೊಂದನ್ನು ವೈರಿಗಳು ಸುಲ್ತಾನನ ಕೈಗೆ ಮುಟ್ಟಿಸಿದರು. ಮೂರನೆಯ ಮಹಮದ ಶಹನು ಅದನ್ನು ನಂಬಿ, ೧೪೮೧ರಲ್ಲಿ ವೃದ್ಧ ಮಂತ್ರಿಯ ತಲೆ ತೆಗೆಸಿದನು. ಮೊಹರು ನಿಜವಾದದ್ದೇ, ಅದರ ಮೇಲಿನ ಮಾತು ಸುಳ್ಳು. ಆ ಪತ್ರವೊಂದೇ ನಮ್ಮ ಕೈಗೆ ಸಿಕ್ಕು, ಉಳಿದುದೆಲ್ಲ ಮರೆತುಹೋಗಿದ್ದರೆ, ಇಂದು ನಾವು ಗಾವಾನನನ್ನು ದ್ರೋಹಿಯೆಂದೇ ಬರೆಯುತ್ತಿದ್ದೆವು.

ಅಷ್ಟು ಹಿಂದೆ ಹೋಗುವುದೂ ಬೇಡ. ಔರಾದದ ನೆರೆಯ ಕಮಲನಗರದಲ್ಲಿ, ಭಾಲ್ಕಿಯಲ್ಲಿ, ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಕನ್ನಡ ಕಲಿಸಿದ ಕಥೆಯನ್ನು ಈ ಸೀಮೆಯಲ್ಲಿ ಕೇಳದವರಿಲ್ಲ. ಹೊರಗಡೆ ಉರ್ದು ಫಲಕ, ಒಳಗಡೆ ಕನ್ನಡ ಪಾಠ! ನೂರು ವರ್ಷ ದಾಟಿ ಬಾಳಿ ೧೯೯೯ರಲ್ಲಿ ಲಿಂಗೈಕ್ಯರಾದ ಪಟ್ಟದ್ದೇವರ ಹೆಸರೆತ್ತಿದರೆ ಹಳ್ಳಿಯವರು ಮೊದಲು ಹೇಳುವುದು ಈ ಫಲಕದ ಮಾತನ್ನೇ. ಈಗ ಯೋಚಿಸಿ ನೋಡಿರಿ: ಫಲಕವೊಂದನ್ನೇ ನೋಡಿದ ಇತಿಹಾಸಕಾರನು ಏನು ಬರೆದಾನು? ಇಲ್ಲಿ ಉರ್ದು ಶಾಲೆಯೊಂದಿತ್ತು ಎಂದು ಬರೆದಾನು. ಅವನ ಆಧಾರ ಗಟ್ಟಿಯಾದದ್ದೇ, ತೀರ್ಮಾನ ತಪ್ಪು. ನಿಜವನ್ನು ಉಳಿಸಿದವರು ಒಳಗೆ ಕುಳಿತು ಅಕ್ಷರ ತಿದ್ದಿದ ಹುಡುಗರು. ಅವರು ಮನೆಗೆ ಬಂದು ಹೇಳಿದರು, ಮಕ್ಕಳಿಗೆ ಹೇಳಿದರು, ಮೊಮ್ಮಕ್ಕಳಿಗೆ ಹೇಳಿದರು. ಗುಟ್ಟಾಗಿ ನಡೆದ ಕೆಲಸ ದಾಖಲೆಯನ್ನು ಬಿಟ್ಟುಹೋಗುವುದಿಲ್ಲ, ನೆನಪನ್ನಷ್ಟೇ ಬಿಟ್ಟುಹೋಗುತ್ತದೆ.

ನಡೆನುಡಿಯಲ್ಲಿ ಉಳಿಯುವ ನೆನಪೂ ಒಂದುಂಟು. ಬೀದರದ ಹತ್ತಿರ ಅಷ್ಟೂರಿನಲ್ಲಿ ಬಹಮನಿ ಅರಸ ಅಹಮದ ಶಹ ವಲಿಯ ಗೋರಿ ಇದೆ. ಒಳಗೋಡೆಯ ತುಂಬ ಬಣ್ಣಬಣ್ಣದ ಬರೆವಣಿಗೆ. ಅದನ್ನು ಓದಿ ಅರ್ಥ ಮಾಡಬಲ್ಲವರು ಬೆರಳೆಣಿಕೆಯ ಜನ. ಆದರೆ ವರ್ಷಕ್ಕೊಮ್ಮೆ ಹೋಳಿಯ ಆಸುಪಾಸಿನಲ್ಲಿ, ಹಿಂದೂ ಪಂಚಾಂಗದ ಲೆಕ್ಕದಂತೆ ಅಲ್ಲಿ ಉರುಸು ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬಂದು ಪೂಜೆ ಸಲ್ಲಿಸುತ್ತಾರೆ. ಸುಲ್ತಾನನನ್ನು ಭಕ್ತರು ಅಲ್ಲಮಪ್ರಭು ಎಂದೂ ಕರೆಯುತ್ತಾರೆ. ಹದಿನೈದನೆಯ ಶತಮಾನದ ಒಂದು ನಂಟನ್ನು ಗೋಡೆಯ ಅಕ್ಷರಕ್ಕಿಂತ ಸ್ಪಷ್ಟವಾಗಿ ಜನರ ನಡೆ ಹೇಳುತ್ತದೆ. ಊರೊಳಗೂ ಅಷ್ಟೇ. ಚೌಬಾರಾದ ಸುತ್ತಣ ಕೇರಿಗಳಿಗೆ ಸಿದ್ದೀಕ ಶಹ ತಾಲೀಮು, ನೂರಖಾನ ತಾಲೀಮು, ಮನಿಯಾರ ತಾಲೀಮು ಎಂದು ಗರಡಿಮನೆಗಳ ಹೆಸರು ನಿಂತಿವೆ. ಮನಿಯಾರರೆಂದರೆ ಬಳೆಗಾರರು. ಕೇರಿಯ ಹೆಸರನ್ನು ಬದಲಿಸಿದವನು ಹಳೆಯ ದಾಖಲೆಯೊಂದನ್ನು ಹರಿದು ಹಾಕಿದಂತೆಯೇ ಸರಿ.

ಹಾಗಾದರೆ ನೆನಪನ್ನು ನಂಬಿದರೆ ಸಾಕೆ? ಅದೂ ಸಾಲದು. ನೆನಪು ಎರಡು ಬರಗಳನ್ನು ಒಂದು ಮಾಡುತ್ತದೆ. ಮುತ್ತಜ್ಜನ ಸಾಹಸವನ್ನು ಅಜ್ಜನಿಗೆ ಕೊಡುತ್ತದೆ. ಸೋತ ವ್ಯಾಜ್ಯವನ್ನು ಮೋಸದ ವ್ಯಾಜ್ಯವೆಂದು ಹೇಳಿ ಸಮಾಧಾನ ಪಡೆಯುತ್ತದೆ. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಹಳ್ಳದ ದಂಡೆಯ ಹೊಲ ಬರದ ವರ್ಷ ಸಾಹುಕಾರನ ಕೈಗೆ ಹೋಯಿತೆಂದು ಮನೆಯವರು ಹೇಳುತ್ತಾರೆ. ಸಂದೂಕಿನ ಪತ್ರ ತೆಗೆದು ಓದಿಸಿದರೆ, ಖುರ್ದಾದ ೧೩೪೬ರಲ್ಲಿ ಮಗಳ ಮದುವೆಗಾಗಿ ಆ ಹೊಲವನ್ನು ಒತ್ತೆ ಇಟ್ಟಂತೆ ಬರೆದಿದೆ. ಬರ ಸುಳ್ಳಾಯಿತು. ಆದರೆ ಆ ಮಗಳು ಯಾರು? ಪತ್ರದಲ್ಲಿ ಅವಳ ಹೆಸರಿಲ್ಲ. ಆಗ ಮೂಲೆಯಲ್ಲಿ ಕುಳಿತ ಅಜ್ಜಿ ಹೇಳುತ್ತಾಳೆ: ‘ಅಕಿ ನಮ್ಮ ಸೋದರತ್ತಿ. ಉದಗೀರಕ್ಕ ಕೊಟ್ಟಿದ್ದರು. ಮೂರೇ ವರ್ಷಕ್ಕ ತಿರುಗಿ ಬಂದಳು.’ ಆ ಕ್ಷಣದಲ್ಲಿ ಒಂದು ಹೊಲದ ಲೆಕ್ಕ ಒಂದು ಮನೆಯ ಇತಿಹಾಸವಾಗುತ್ತದೆ. ಅಜ್ಜಿಯಿಲ್ಲದೆ ಪತ್ರ ಮೂಕ. ಪತ್ರವಿಲ್ಲದೆ ಅಜ್ಜಿಯ ಮಾತಿಗೆ ಕಾಲದ ಗುರುತಿಲ್ಲ.

ಹೆಣ್ಣುಮಕ್ಕಳ ವಿಷಯವನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕು. ನಮ್ಮ ವಂಶಾವಳಿಗಳೆಲ್ಲ ಗಂಡಸರ ಪಟ್ಟಿಗಳು. ಉತ್ತರ ಕರ್ನಾಟಕದ ಹೆಳವರು ಸುಗ್ಗಿಯ ಮೇಲೆ ಬಂದು, ತಲೆತಲಾಂತರದ ಹೆಸರುಗಳನ್ನು ಹೇಳಿ ಕಾಳು ಪಡೆದುಕೊಂಡು ಹೋಗುತ್ತಾರಲ್ಲ, ಅವರ ಲೆಕ್ಕವೂ ಮುಖ್ಯವಾಗಿ ಗಂಡು ಸಂತಾನದ್ದೇ. ಗಡಿಯ ಈ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯಾದ ದಿನ ಹೆಣ್ಣಿನ ಹೆಸರನ್ನೇ ಬದಲಿಸುವ ರೂಢಿಯುಂಟು. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು. ಎರಡು ಮನೆಯ ಕಾಗದ ಒಟ್ಟಿಗೆ ಇಟ್ಟರೂ ಅವಳು ಒಬ್ಬಳೇ ಎಂದು ತಿಳಿಯುವಂತಿಲ್ಲ. ಅವಳ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯ ದೇವಾಲಯದ ಗೋಡೆಯಲ್ಲಿ ಶಾಸನ ಬರೆಯುತ್ತಿರುವ ಸುಂದರಿಯ ಶಿಲ್ಪವೊಂದಿದೆ. ಅವಳು ಬರೆಯುತ್ತಿರುವುದು ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆಯನ್ನು. ಒಂಬೈನೂರು ವರ್ಷಗಳಿಂದ ಅರಸನ ಹೆಸರು ಬರೆದ ಆ ಕೈ ಒಮ್ಮೆಯಾದರೂ ತನ್ನ ಮನೆಯ ಮಾತನ್ನು ಬರೆದಿದ್ದರೆ ಎನಿಸದೆ ಇರದು.

ಇನ್ನು ಎಲ್ಲಕ್ಕಿಂತ ಕಠಿಣವಾದ ಮಾತು. ಈ ಸೀಮೆಯ ಹಿರಿಯರು ತಮ್ಮ ಬಾಳನ್ನು ಎರಡು ಹೋಳು ಮಾಡಿ ಹೇಳುತ್ತಾರೆ: ಪೋಲೀಸು ಕಾರ್ಯಾಚರಣೆಗೆ ಮುಂಚೆ, ಆಮೇಲೆ. ೧೯೪೮ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಕಡೆಯ ಗೋರಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳ ನೆನಪು ಇಂದಿಗೂ ಹಸಿಯಾಗಿದೆ. ಅಲ್ಲಿ ೨೦೨೩ರಲ್ಲಿ ಹುತಾತ್ಮರ ಸ್ಮಾರಕ ನಿಂತಿತು, ನಿಲ್ಲಬೇಕಾದದ್ದೇ. ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯ ಸಂಸ್ಥಾನದೊಳಗೆ ಬಂದಿತು. ೧೭ರಂದು ನಿಜಾಮರು ಶರಣಾದರು. ಪ್ರತಿ ವರ್ಷ ಆ ದಿನ ನಾವು ಧ್ವಜ ಏರಿಸುತ್ತೇವೆ. ಆದರೆ ಆ ದಿನದ ಮರುದಿನ ಏನಾಯಿತು? ಆ ವರ್ಷದ ಕೊನೆಯಲ್ಲಿ ಪಂಡಿತ ಸುಂದರಲಾಲರ ನೇತೃತ್ವದ ಸಮಿತಿ ಭಾರತ ಸರಕಾರದ ಪರವಾಗಿ ಸಂಚರಿಸಿ, ನಿರಪರಾಧಿ ಮುಸಲ್ಮಾನರ ಮೇಲೆ ನಡೆದ ಹಿಂಸೆಯನ್ನು ವರದಿ ಮಾಡಿತು. ಎಲ್ಲಕ್ಕಿಂತ ಹೆಚ್ಚು ನೊಂದುವೆಂದು ಅದು ಹೆಸರಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ; ೨೦೧೩ರ ಸುಮಾರಿಗೆ ದೆಹಲಿಯ ಗ್ರಂಥಾಲಯದಲ್ಲಿ ಓದುಗರಿಗೆ ದೊರೆಯುವಂತಾಯಿತು.

ಒಂದೇ ಊರು, ಒಂದೇ ವರ್ಷ, ಎರಡು ಅಳಲು. ಒಂದನ್ನು ಹೇಳಿಕೊಳ್ಳಲು ಮಾತು ಸಿಕ್ಕಿತು. ಇನ್ನೊಂದು ಗೋಡೆಯ ಆಚೆ ಬಾಯಿ ಮುಚ್ಚಿ ಕುಳಿತಿತು. ಎರಡನ್ನೂ ತಕ್ಕಡಿಗೆ ಹಾಕಿ ತೂಗುವ ಕೆಲಸ ಮನೆಯ ಇತಿಹಾಸ ಬರೆಯುವವನದಲ್ಲ. ಅವನು ಮಾಡತಕ್ಕದ್ದು ಒಂದೇ: ನೋಡಿದವರು ಹೇಳಿದುದನ್ನು ಹೇಳಿದಂತೆ ಬರೆದಿಡುವುದು. ಬರೆದಿಟ್ಟರೆ ಬರಿಯ ಸಾವಿನ ಲೆಕ್ಕವೇ ಸಿಗುವುದೆಂದೂ ತಿಳಿಯಬೇಡಿರಿ. ಹಿಂದೂಗಳು ತಮ್ಮ ಪ್ರಾಣವನ್ನೊಡ್ಡಿ ನೆರೆಯ ಮುಸಲ್ಮಾನರನ್ನು ಕಾಪಾಡಿದ ನಿದರ್ಶನಗಳನ್ನು, ನೇಕಾರರು ನೇಕಾರರಿಗಾಗಿ ನಿಂತುದನ್ನು ಆ ವರದಿಯೇ ಹೇಳುತ್ತದೆ. ಯಾರ ಹಗೇವಿನಲ್ಲಿ ಯಾರು ಅಡಗಿದ್ದರು, ಯಾರ ಮನೆಯ ರೊಟ್ಟಿ ಯಾರಿಗೆ ಹೋಯಿತು ಎಂಬುದನ್ನು ಸರಕಾರದ ಯಾವ ಕಡತ ಹೇಳೀತು? ಅಂದು ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ಸಮೀಪಿಸಿದೆ. ಇನ್ನು ಕೆಲವೇ ವರ್ಷಗಳಲ್ಲಿ ‘ನಾನು ನೋಡಿದೆ’ ಎನ್ನುವವರು ಇರುವುದಿಲ್ಲ. ‘ಹಾಗಂತೆ’ ಎನ್ನುವವರು ಮಾತ್ರ ಉಳಿಯುತ್ತಾರೆ. ‘ಹಾಗಂತೆ’ ಎಂಬುದರ ಮೇಲೆ ಯಾರು ಬೇಕಾದರೂ ತಮಗೆ ಬೇಕಾದ ಇತಿಹಾಸ ಕಟ್ಟಬಹುದು.

ಮಾಡಬೇಕಾದುದಾದರೂ ದೊಡ್ಡದೇನಲ್ಲ. ಬೀದರದ ಇತಿಹಾಸ, ಸ್ಮಾರಕಗಳನ್ನು ಕುರಿತು ಗುಲಾಮ ಯಜದಾನಿಯವರು ಬರೆದ ಮಹಾಗ್ರಂಥ ೧೯೪೭ರಲ್ಲಿ ಹೊರಬಂದಿತು. ಕೋಟೆ, ಮಸೀದಿ, ಗೋರಿಗಳ ಕೆಲಸವನ್ನು ಅಂಥ ಪಂಡಿತರು ಮಾಡಿದರು. ಮನೆಯ ಕೆಲಸಕ್ಕೆ ಪಂಡಿತರು ಬೇಡ. ಒಂದು ಇನ್ನೂರು ಪುಟದ ನೋಟುಬುಕ್ಕು ಸಾಕು. ಮೊದಲು ದಫ್ತರವನ್ನು ಬಿಸಿಲಿಗಲ್ಲ, ನೆರಳಿನ ಗಾಳಿಗೆ ಹಿಡಿಯಿರಿ. ಹಾಳೆಯ ಕ್ರಮ ಕೆಡಿಸದೆ ಒಂದೊಂದನ್ನೂ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಹಳೆಯ ಫೋಟೋಗಳ ಹಿಂದೆ ಸೀಸದ ಕಡ್ಡಿಯಿಂದ ಹೆಸರು ಬರೆಯಿರಿ. ಹಿರಿಯರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು, ಹೇಳಿದವರು ಯಾರು, ಕಣ್ಣಾರೆ ಕಂಡದ್ದೋ ಕೇಳಿದ್ದೋ, ಬರೆದ ದಿನ ಯಾವುದು ಎಂದು ಕೆಳಗೆ ಗುರುತು ಹಾಕಿರಿ. ಪತ್ರಕ್ಕೂ ಮಾತಿಗೂ ಹೊಂದಿಕೆಯಾಗದಿದ್ದರೆ ಯಾವುದನ್ನೂ ತಿದ್ದಬೇಡಿರಿ, ಎರಡನ್ನೂ ಇಡಿರಿ. ಮನೆಗೆ ಅವಮಾನವೆಂದು ತೋರುವ ಸಂಗತಿಯನ್ನು ಬಿಡಬೇಡಿರಿ. ಅದನ್ನು ಬಿಟ್ಟರೆ ಉಳಿಯುವುದು ಇತಿಹಾಸವಲ್ಲ, ಲಗ್ನಪತ್ರಿಕೆ.

ಇನ್ನು ಓದುವ ಪ್ರಶ್ನೆ. ಅಜ್ಜನ ಉರ್ದು ದಫ್ತರವನ್ನು ಓದುವವರು ಯಾರು? ಇದಕ್ಕೆ ಹೈದರಾಬಾದಿಗೇ ಹೋಗಬೇಕಾಗಿಲ್ಲ. ಬೀದರದಲ್ಲಿ, ಭಾಲ್ಕಿಯಲ್ಲಿ, ಔರಾದದಲ್ಲಿ ಉರ್ದು ಇನ್ನೂ ಬದುಕಿರುವ ಭಾಷೆ. ಎದುರು ಮನೆಯ ನಿವೃತ್ತ ಮಾಸ್ತರರು ಕನ್ನಡಕ ಏರಿಸಿ ಕುಳಿತರೆ ಖರೀದಿ ಪತ್ರ ಬಾಯಿ ಬಿಡುತ್ತದೆ. ಫಾರಸಿಯ ಶಿಕಸ್ತಾ ಬರಹ ತೊಡಕಿನದು. ಅದಕ್ಕೆ ಇನ್ನೂ ಹಿರಿಯರನ್ನು ಹುಡುಕಬೇಕು. ಮೋಡಿ ಓದುವವರು ಗಡಿಯಾಚೆ ಸಿಗುತ್ತಾರೆ. ಮಹಾರಾಷ್ಟ್ರದಲ್ಲಿ ಅದನ್ನು ಕಲಿಸುವ ತರಗತಿಗಳೂ ನಡೆಯುತ್ತವೆ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿರಿ. ನಮ್ಮ ಮನೆಯ ಕಾಗದ ಓದಲು ನೆರೆಮನೆಯವರ ಕಣ್ಣು ಬೇಕು. ನೆರೆಮನೆಯವರು ಎಪ್ಪತ್ತೈದು ವರ್ಷಕ್ಕೂ ಮಿಕ್ಕಿ ನುಂಗಿಕೊಂಡ ಮಾತನ್ನು ಹೇಳಲು ನಮ್ಮ ಕಿವಿ ಬೇಕು. ಈ ಸೀಮೆಯಲ್ಲಿ ಯಾವ ಮನೆಯೂ ತನ್ನ ಇತಿಹಾಸವನ್ನು ತಾನೊಂದೇ ಬರೆದುಕೊಳ್ಳಲಾರದು. ಭಾಷೆಗಳು ಬದಲಾದ ಶಾಪದೊಳಗೆ ಇಂಥ ಒಂದು ವರವೂ ಅಡಗಿದೆ ಎನ್ನಬೇಕು.

ಮುಂದಿನ ಹಬ್ಬಕ್ಕೆ ಸಂದೂಕಿನ ಧೂಳು ಝಾಡಿಸುವಾಗ ಕೆಂಪು ಗಂಟಿಗೆ ಕುಂಕುಮವನ್ನಷ್ಟೇ ಹಚ್ಚಿ ಕೈ ಮುಗಿಯದೆ, ಅದನ್ನು ಬಿಚ್ಚಿರಿ. ಮೂಲೆಯಲ್ಲಿರುವ ಅಜ್ಜಿಯನ್ನು ಹತ್ತಿರಕ್ಕೆ ಕೂಡಿಸಿಕೊಳ್ಳಿರಿ. ಎದುರು ಮನೆಯ ಮಾಸ್ತರರಿಗೆ ಒಂದು ಲೋಟ ಚಹಕ್ಕೆ ಕರೆ ಕಳುಹಿಸಿರಿ. ಅವರು ಓದಲಿ, ಇವಳು ಹೇಳಲಿ, ಮೊಮ್ಮಗನು ಬರೆದುಕೊಳ್ಳಲಿ.